ವಾರ್ಡಿಗೆ ಹತ್ತೊಂಬತ್ತು ನಿಮಿಷ

ಜೂನ್ 8, ಭಾನುವಾರ

ಪ್ರೀತಿಯ ಅಕ್ಕ,

ನಾನು ಕ್ಷೇಮ. ಇದನ್ನು ಹಾಸ್ಟೆಲ್ ಕಾಗದ ಎಂದುಕೊಳ್ಳಬೇಡ. ಆಗ ಪ್ರತಿ ಭಾನುವಾರ ಬರೆದದ್ದನ್ನು ವಾರ್ಡನ್ ಓದಿಯೇ ಅಂಚೆಗೆ ಹಾಕುತ್ತಿದ್ದರು, ಹಾಗಾಗಿ ಹನ್ನೆರಡು ವರ್ಷ ನಾನು ಕ್ಷೇಮವಾಗಿಯೇ ಇದ್ದೆ. ಈಗ ನಿಜವಾಗಿಯೂ ಕ್ಷೇಮ, ಸುಮಾರಾಗಿ. ಫೋನ್ ಮಾಡಿದರೆ ನಾವಿಬ್ಬರೂ ಎರಡನೇ ನಿಮಿಷಕ್ಕೆ ಜಗಳ ತೆಗೆಯುತ್ತೇವೆ, ಅಮ್ಮ ನಡುವೆ ಸಿಕ್ಕಿಕೊಳ್ಳುತ್ತಾಳೆ. ಅದಕ್ಕೇ ಕಾಗದ. ಅಮ್ಮನಿಗೆ ಪೂರ್ತಿ ಓದಿ ಹೇಳು.

ಕೆಲಸಕ್ಕೆ ಸೇರಿ ಎಂಟು ದಿನ ಆಯಿತು. ಹೆರಿಗೆ ವಾರ್ಡು. ಮೊದಲ ವರ್ಷದ ರೆಸಿಡೆಂಟ್‌ಗಳು ಆರು ಜನ. ನರ್ಸುಗಳ ಮೇಜಿನ ಹಿಂದೆ ಒಂದು ಬಿಳಿ ಬೋರ್ಡ್ ಇದೆ. ನಾವಿರುವ ರೂಮಿನಿಂದ ವಾರ್ಡಿನ ಬಾಗಿಲಿಗೆ ಎಷ್ಟು ನಿಮಿಷದ ದಾರಿ ಎಂದು ಅದರಲ್ಲಿ ನಾವೇ ಬರೆಯಬೇಕು. ಡ್ಯೂಟಿಯಲ್ಲಿರುವವರೆಲ್ಲ ಕೆಲಸದಲ್ಲಿ ಮುಳುಗಿದ್ದಾಗ ಅರ್ಜೆಂಟ್ ಕೇಸ್ ಬಂದರೆ ದೊಡ್ಡ ಸಿಸ್ಟರ್ ಬೋರ್ಡು ನೋಡಿ ಕಡಿಮೆ ನಿಮಿಷದವರಿಗೆ ಮೊದಲು ಫೋನ್ ಮಾಡುತ್ತಾರೆ. ಓಡಿ ಬಂದವರು ಆಪರೇಷನ್ನಿನಲ್ಲಿ ಕೈ ಜೋಡಿಸುತ್ತಾರೆ, ದೂರದವರು ಮರುದಿನ ಅದರ ವರದಿ ಓದುತ್ತಾರೆ. ಇಲ್ಲಿ ಯಾರಿಗೂ ಯಾರ ಹೆಸರೂ ಬೇಡ. "ಏಯ್ ಇಪ್ಪತ್ತೈದು, ಗ್ಲೌಸ್ ತಗೊಂಬಾ!" ಎಂದು ಸಿಸ್ಟರ್ ಕೂಗಿದರೆ ಪಾಪ ಇಪ್ಪತ್ತೈದು ಓಡುತ್ತಾನೆ.

ನಮ್ಮಲ್ಲಿ ಒಬ್ಬಳು ನಾಲ್ಕು. ಆಸ್ಪತ್ರೆಯ ಗೇಟಿನ ಎದುರಿಗೆ, ಬೀಗ ರಿಪೇರಿ ಅಂಗಡಿಯ ಮೇಲೆ ಅವಳ ರೂಮು. ಎಂಟು ದಿನದಲ್ಲಿ ಐದು ಸಿಸೇರಿಯನ್‌ಗೆ ನಿಂತಿದ್ದಾಳೆ. ನನ್ನ ಲೆಕ್ಕ ಸೊನ್ನೆ. ಅವಳು ಊಟ ಮಾಡುವಾಗಲೂ ಬೆರಳಲ್ಲಿ ಗಂಟು ಹಾಕುವುದು ಪ್ರಾಕ್ಟೀಸ್ ಮಾಡುತ್ತಾಳೆ ಅಕ್ಕಾ, ಚಮಚದ ಹಿಡಿಗೆ ದಾರ ಸುತ್ತಿಕೊಂಡು. ನೋಡಿದರೆ ನನಗೆ ತುತ್ತು ಇಳಿಯುವುದಿಲ್ಲ.

ಈಗ ದೂರದ ಒಂದು ಗೆಸ್ಟ್ ರೂಮಿನಲ್ಲಿದ್ದೇನೆ, ತಿಂಗಳ ಕೊನೆಗೆ ಬಿಡಬೇಕು. ನೋಡಿದ ಮನೆ ಎರಡು. ಒಂದು, ನಾಲ್ಕರ ಕಟ್ಟಡದಲ್ಲೇ ಹಿಂದಿನ ರೂಮು: ಒಂದು ಮಂಚ, ಒಂದು ಮೊಳೆ, ಕಿಟಕಿ ತೆರೆದರೆ ಪಕ್ಕದ ಕಟ್ಟಡದ ಪೈಪು. ಇನ್ನೊಂದು ಸೇತುವೆಯ ಆಚೆ, ಮೊದಲ ಮಹಡಿ, ಎರಡು ಕೋಣೆ. ಒಳಗಿನ ಕೋಣೆಗೆ ಬೆಳಗಿನ ಬಿಸಿಲು ಬೀಳುತ್ತದೆ. ಆದರೆ ಹತ್ತೊಂಬತ್ತು ನಿಮಿಷ. ವಾಚ್ ಹಿಡಿದು ಮೂರು ಸಲ ನಡೆದಿದ್ದೇನೆ.

ಈಗ ಅಮ್ಮನಿಗೆ. ಅಮ್ಮಾ, ನನ್ನ ಹತ್ತಿರ ಬಂದಿರುತ್ತೀಯಾ? ಎರಡೂ ಕಣ್ಣಿನ ಪೊರೆ ಇಲ್ಲೇ ನಮ್ಮ ಆಸ್ಪತ್ರೆಯಲ್ಲಿ ತೆಗೆಸೋಣ. ಬಿಸಿಲಿನ ಕೋಣೆ ನಿನಗೆ. ಆರನೇ ವಯಸ್ಸಿಗೆ ಮನೆ ಬಿಟ್ಟವಳು ನಾನು, ರಜೆಯ ಲೆಕ್ಕ ಬಿಟ್ಟರೆ ನಿನ್ನ ಜೊತೆ ಇದ್ದೇ ಇಲ್ಲ. ನೀನು ಹೂಂ ಎಂದರೆ ಎರಡು ಕೋಣೆಯದನ್ನೇ ಹಿಡಿಯುತ್ತೇನೆ.

ಅಕ್ಕಾ, ಇಪ್ಪತ್ತನೇ ತಾರೀಖಿನೊಳಗೆ ಉತ್ತರ ಬೇಕು. ಪ್ಲೀಸ್.

ನಿನ್ನ ತಂಗಿ

~

ಜೂನ್ 14

ಡಾಕ್ಟರಮ್ಮನಿಗೆ,

ಕಾಗದ ಬಂತು, ಅಮ್ಮನಿಗೆ ಓದಿದೆ. ಇಪ್ಪತ್ತೈದರ ಕಥೆಗೆ ತುಂಬಾ ನಕ್ಕಳು, ಎರಡು ಸಲ ಓದಿಸಿಕೊಂಡಳು. ಬರುವ ವಿಷಯಕ್ಕೆ ಏನೂ ಹೇಳಲಿಲ್ಲ.

ನನ್ನನ್ನು ಕೇಳಿದರೆ ನಾಲ್ಕು ನಿಮಿಷದ ರೂಮು ಹಿಡಿ. ನೀನು ಹೋಗಿರುವುದು ಕಲಿಯುವುದಕ್ಕೆ, ಬಿಸಿಲು ಕಾಯಿಸುವುದಕ್ಕೆ ಹೋಗಿಲ್ಲ. ನಿನ್ನ ಡ್ಯೂಟಿ ಮೂವತ್ತಾರು ಗಂಟೆಯದು ಎಂದು ಫೋನಿನಲ್ಲಿ ಹೇಳಿದ್ದೆ. ಅಷ್ಟು ಹೊತ್ತೂ ಮಂಜು ಮಂಜು ಕಣ್ಣಿಟ್ಟುಕೊಂಡು ಅಮ್ಮ ಗೊತ್ತಿಲ್ಲದ ಊರಿನ ಗೊತ್ತಿಲ್ಲದ ಗ್ಯಾಸ್ ಒಲೆ ಹಚ್ಚಬೇಕಾ? ಇಲ್ಲಿ ಅವಳಿಗೆ ಎಲ್ಲ ಕೈಗೆ ತಾಕುತ್ತದೆ. ಸಂಜೆ ನಾನು ಕನ್ನಡಕದ ಅಂಗಡಿ ಮುಚ್ಚುವವರೆಗೆ ಬಂದು ಪಕ್ಕದಲ್ಲಿ ಕೂರುತ್ತಾಳೆ, ಗಾಜು ಉಜ್ಜುವ ಯಂತ್ರದ ಸದ್ದು ಕೇಳಿಯೇ ಪವರ್ ಎಷ್ಟು ಎಂದು ಊಹಿಸುತ್ತಾಳೆ. ಕೆಲವು ಸಲ ಸರಿಯಾಗಿರುತ್ತದೆ.

ಪೊರೆ ಇನ್ನೂ ಬಲಿತಿಲ್ಲ. ಬಲಿಯಲಿ, ಆಮೇಲೆ ನೋಡೋಣ.

ಹಾಸ್ಟೆಲಿನ ಮಾತು ಎತ್ತಿದ್ದೀಯ. ಮಾವ ಇಬ್ಬರನ್ನೂ ಆ ಸ್ಕೂಲಿನ ಪರೀಕ್ಷೆಗೆ ಕರೆದುಕೊಂಡು ಹೋಗಿದ್ದರು, ನೆನಪಿರಲಿ. ಪಾಸಾದವಳು ನೀನು.

ಅಕ್ಕ

~

ಜೂನ್ 22, ಭಾನುವಾರ

ಅಕ್ಕಾ,

ಅಮ್ಮ ಏನೂ ಹೇಳಲಿಲ್ಲ ಎಂದರೆ ಬೇಡ ಎಂದೂ ಹೇಳಿಲ್ಲ ತಾನೆ. ನಾನು ಎರಡು ಕೋಣೆಯ ಮನೆಯನ್ನೇ ಹಿಡಿದೆ. ಬೀಗದ ಕೈ ಈ ಕಾಗದದ ಮೇಲೇ ಇದೆ, ಗಾಳಿಗೆ ಹಾರದ ಹಾಗೆ. ಒಳಗಿನ ಕೋಣೆಗೆ ಮಂಚ ಬಂದಿದೆ, ಕರ್ಟನ್ ಇನ್ನೂ ಇಲ್ಲ.

ಪೊರೆ ಬಲಿಯಬೇಕು ಎನ್ನುವುದು ಹಳೇ ಕಾಲದ ಮಾತು ಅಕ್ಕಾ. ಸೀರಿಯಸ್ಲಿ. ಈಗ ಓದಲು ಕಷ್ಟವಾದರೆ ಸಾಕು, ತೆಗೆದುಬಿಡುತ್ತಾರೆ. ಹದಿನೈದು ಇಪ್ಪತ್ತು ನಿಮಿಷದ ಕೆಲಸ, ಅದೇ ದಿನ ಮನೆಗೆ. ನಿನಗೆ ಗೊತ್ತಿರಲಿಕ್ಕಿಲ್ಲ ಎಂದು ಬರೆದೆ, ತಪ್ಪು ತಿಳಿಯಬೇಡ. ನಿಮ್ಮ ಕಡೆ ಇದನ್ನೆಲ್ಲ ಹೇಳುವವರು ಇರುವುದಿಲ್ಲ.

ಅಮ್ಮನನ್ನು ಇನ್ನೊಂದು ಸಲ ಕೇಳು. ಬೇಕಿದ್ದರೆ ನಾನೇ ಬಂದು ಕರೆದುಕೊಂಡು ಬರುತ್ತೇನೆ.

ಮತ್ತೆ ಒಂದು ಗುಡ್ ನ್ಯೂಸ್. ಈ ವಾರ ಮೂರು ಸಿಸೇರಿಯನ್! ಮೂರಕ್ಕೂ ಮೊದಲು ನನಗೇ ಫೋನ್. ನಾಲ್ಕಕ್ಕೆ ಈ ವಾರ ಒಂದೇ. ಕ್ಯಾಂಟೀನಿನಲ್ಲಿ ಚಮಚ ಕೆಳಗಿಟ್ಟು "ಏನೇ, ನಿನ್ನ ನಸೀಬು ಖುಲಾಯಿಸಿಬಿಟ್ಟಿದೆ" ಎಂದಳು. ನನಗೆ ಎಷ್ಟು ಸಂತೋಷವಾಯಿತು ಎಂದರೆ, ಹೇಳಬಾರದು, ಅವಳ ಪಾಲಿನ ಬ್ರೆಡ್ಡನ್ನೂ ನಾನೇ ತಿಂದೆ.

ತಂಗಿ

~

ಜೂನ್ 28

ತಂಗಿಗೆ,

ದಿನಕ್ಕೆ ಇಪ್ಪತ್ತು ಜೋಡಿ ಕಣ್ಣು ನೋಡುವವಳಿಗೆ ಪೊರೆಯ ಪಾಠ ಹೇಳಿಕೊಟ್ಟಿದ್ದಕ್ಕೆ ಥ್ಯಾಂಕ್ಸ್. ನಿಮ್ಮ ಕಡೆ ಎಂದು ಬರೆದಿದ್ದೀಯ. ಇದು ನಿನ್ನ ಕಡೆ ಅಲ್ಲ ಎಂದು ಯಾವಾಗ ಆಯಿತು?

ಅಮ್ಮ ಯೋಚನೆ ಮಾಡುತ್ತಿದ್ದಾಳೆ. ಅವಸರ ಮಾಡಬೇಡ.

ಒಂದು ಅರ್ಥವಾಗಲಿಲ್ಲ. ಹತ್ತೊಂಬತ್ತು ನಿಮಿಷದವಳಿಗೆ ಮೊದಲು ಯಾಕೆ ಫೋನ್ ಮಾಡುತ್ತಾರೆ?

ಅಕ್ಕ

~

ಜುಲೈ 13, ಭಾನುವಾರ

ಅಕ್ಕಾ,

ಎರಡು ವಾರ ಬರೆಯಲಿಲ್ಲ. ನಿನ್ನ ಕೊನೆಯ ಪ್ರಶ್ನೆಗೆ ಏನು ಬರೆಯುವುದು ಎಂದು ತೋಚಲಿಲ್ಲ. ಮುಂದೆ ಬೋರ್ಡಿನ ಬಗ್ಗೆ ಬರೆದದ್ದು ಅಮ್ಮನಿಗೆ ಬೇಡ.

ಬೋರ್ಡಿನಲ್ಲಿ ನಾನು ಮೂರು ಎಂದು ಬರೆದಿದ್ದೇನೆ.

ಬೈಯಬೇಡ, ಪೂರ್ತಿ ಕೇಳು. ಯಾರೂ ಬಂದು ಅಳೆಯುವುದಿಲ್ಲ. ಪೆನ್ನು ಹಿಡಿದಾಗ ನನ್ನ ಮೇಲಿನ ಸಾಲಿನಲ್ಲಿ ಅವಳ ದುಂಡಗಿನ 4 ಇತ್ತು. ನನ್ನ ಕೈ ತಾನಾಗಿ 3 ಬರೆಯಿತು. ಆದರೆ ಮೋಸ ಆಗದ ಹಾಗೆ ನೋಡಿಕೊಂಡಿದ್ದೇನೆ, ಪ್ರಾಮಿಸ್. ಬಿಡುವಿದ್ದಾಗಲೂ ಆದಷ್ಟು ಮನೆಗೆ ಹೋಗುವುದಿಲ್ಲ. ನೆಲಮಹಡಿಯಲ್ಲಿ ಬಟ್ಟೆ ಬದಲಿಸುವ ಕೋಣೆ ಇದೆ, ಅಲ್ಲಿ ಬೆಂಚಿನ ಮೇಲೆ ಓದುತ್ತೇನೆ, ಮಲಗುತ್ತೇನೆ. ಫೋನ್ ಬಂದರೆ ಎರಡು ನಿಮಿಷಕ್ಕೇ ವಾರ್ಡಿನಲ್ಲಿರುತ್ತೇನೆ. ಹಾಗೆ ನೋಡಿದರೆ ನಾನು ಎರಡು.

ನಗಬೇಡ. ಬಿಸಿಲಿನ ಕೋಣೆಯ ಮನೆ ಹಿಡಿದು ಬೆಂಚಿನ ಮೇಲೆ ಬದುಕುತ್ತಿದ್ದೇನೆ. ಆ ಮನೆಯಲ್ಲಿ ಒಟ್ಟು ಒಂಬತ್ತು ಸಲ ಮಲಗಿದ್ದೇನೆ ಅಷ್ಟೆ. ಅಮ್ಮ ಬಂದ ಮೇಲೆ ಎಲ್ಲ ಸರಿ ಮಾಡುತ್ತೇನೆ.

ಅಮ್ಮ ಏನೆಂದಳು? ಮೂರನೇ ಸಲ ಕೇಳುತ್ತಿದ್ದೇನೆ. ಯೋಚನೆಗೆ ಐದು ವಾರ ಬೇಕಾ? ನಿಜ ಹೇಳು, ಅವಳಿಗೆ ನನ್ನ ಜೊತೆ ಇರುವುದು ಇಷ್ಟ ಇಲ್ಲವಾ? ಚಿಕ್ಕವಳಿದ್ದಾಗ ನನಗೆ ಯಾವಾಗಲೂ ಒಂದೇ ಅನುಮಾನ: ಏನೋ ತಪ್ಪು ಮಾಡಿದ್ದೇನೆ, ಅದಕ್ಕೇ ನನ್ನನ್ನು ಕಳಿಸಿ ನಿನ್ನನ್ನು ಉಳಿಸಿಕೊಂಡರು ಎಂದು. ನಿನಗೆ ಹುಷಾರಿಲ್ಲದಾಗ ಅಮ್ಮ ಹಣೆಗೆ ಒದ್ದೆ ಬಟ್ಟೆ ಹಾಕಿದಳು ಎಂದು ಕಾಗದದಲ್ಲಿ ಬಂದರೆ ನನಗೂ ಜ್ವರ ಬರಲಿ ಎಂದು ಕಾಯುತ್ತಿದ್ದೆ. ಬಂತು ಒಂದು ಸಲ. ವಾರ್ಡನ್ ಮಾತ್ರೆ ಕೊಟ್ಟು ಲೈಟ್ ಆರಿಸಿದರು.

ತಂಗಿ

~

ಜುಲೈ 18

ತಂಗಿಗೆ,

ನಾಳೆ ಬೆಳಿಗ್ಗೆ ಹೋಗಿ ಮೊದಲು ಅದನ್ನು ಅಳಿಸು. ಕನ್ನಡಕದಲ್ಲಿ ಕಾಲು ಪಾಯಿಂಟ್ ಸುಳ್ಳು ಬರೆದರೆ ನನ್ನ ಗಿರಾಕಿಗೆ ತಲೆನೋವು ಬರುತ್ತದೆ, ಬಂದು ಬೈದು ಹೋಗುತ್ತಾನೆ. ನಿನ್ನದು ಕನ್ನಡಕ ಅಲ್ಲ.

ಬೇರೆ ಏನೂ ಬರೆಯಲು ಆಗುತ್ತಿಲ್ಲ. ಗಿರಾಕಿ ಕಾಯುತ್ತಿದ್ದಾರೆ.

ಅಕ್ಕ

~

ಆಗಸ್ಟ್ 10, ಭಾನುವಾರ

ಅಕ್ಕಾ,

ಅಮ್ಮನಿಗೆ ಇದರಲ್ಲಿ ಒಂದಕ್ಷರವೂ ಬೇಡ.

ನಾನು ಅಳಿಸಲಿಲ್ಲ. ನಾಳೆ ನಾಳೆ ಎಂದುಕೊಂಡೆ. ಹೋದ ಭಾನುವಾರ ಡ್ಯೂಟಿ ಇರಲಿಲ್ಲ. ನೀನು ಉತ್ತರ ಕೊಡದಿದ್ದರೂ ಅಮ್ಮ ಬಂದೇ ಬರುತ್ತಾಳೆ ಎಂದು ಹಟ ಹಿಡಿದು ಕರ್ಟನ್ ಬಟ್ಟೆ ತಂದಿದ್ದೆ. ಮಧ್ಯಾಹ್ನ ಸ್ಟೂಲಿನ ಮೇಲೆ ನಿಂತು ರಾಡಿಗೆ ಸಿಕ್ಕಿಸುತ್ತಿದ್ದೆ, ಫೋನ್ ಬಂತು.

"ಮೂರು, ಎಲ್ಲಿದ್ದೀಯ? ಹೊಕ್ಕುಳಬಳ್ಳಿ ಜಾರಿದೆ. ಎರಡೂ ಟೀಮು ಒಳಗಿದೆ. ಡಾಕ್ಟರ್ ಒಬ್ಬರೇ ಕೈ ತೊಳೆದು ನಿಂತಿದ್ದಾರೆ. ಓಡಿ ಬಾ."

ಮಗುವಿಗಿಂತ ಮುಂಚೆ ಬಳ್ಳಿ ಹೊರಗೆ ಬಂದರೆ ಅದು ಒತ್ತಿಹೋಗಿ ಮಗುವಿಗೆ ರಕ್ತ ನಿಲ್ಲುತ್ತದೆ. ನಿಮಿಷ ಎಣಿಸುವ ಕೇಸು. ಆಗಲಾದರೂ ನಾನು "ಸಿಸ್ಟರ್, ದೂರ ಇದ್ದೀನಿ, ನಾಲ್ಕನ್ನ ಕರೀರಿ" ಎನ್ನಬಹುದಿತ್ತು. ಐದೇ ಪದ. ಬಾಯಿಗೆ ಬಂದದ್ದು ಬೇರೆ.

"ಗೇಟಲ್ಲಿದ್ದೀನಿ ಸಿಸ್ಟರ್, ಬಂದೆ."

ಅವರು ನನ್ನನ್ನು ನಂಬಿ ಕಾದರು. ನಾನು ಸೇತುವೆಯ ಮೇಲೆ ಚಪ್ಪಲಿ ಕೈಯಲ್ಲಿ ಹಿಡಿದು ಓಡುತ್ತಿದ್ದೆ. ಎರಡನೇ ಸಲ ಫೋನ್ ಬಂದಾಗ ಎತ್ತಲಿಲ್ಲ. ಎಂಟನೇ ನಿಮಿಷಕ್ಕೆ ಸಿಸ್ಟರ್ ನಾಲ್ಕಕ್ಕೆ ಫೋನ್ ಮಾಡಿದರು, ಅವಳು ಮೂರು ನಿಮಿಷಕ್ಕೆ ಒಳಗಿದ್ದಳು. ನಾನು ತಲುಪಿದಾಗ ಹದಿಮೂರು ಆಗಿತ್ತು. ಮಗು ಹೊರಗೆ ಬಂದಿತ್ತು, ನೀಲಿ ಬಣ್ಣಕ್ಕೆ ತಿರುಗಿ ಜೋತು ಬಿದ್ದಿತ್ತು. ಅಳು ಕೇಳುವವರೆಗೆ ನಾನು ಬಾಗಿಲ ಹೊರಗೆ ಬರಿಗಾಲಲ್ಲಿ ನಿಂತಿದ್ದೆ. ಯಾರೂ ಒಳಗೆ ಬಾ ಎನ್ನಲಿಲ್ಲ.

ಮಗು ಆರು ದಿನ ಗಾಜಿನ ಪೆಟ್ಟಿಗೆಯಲ್ಲಿತ್ತು. ನಿನ್ನೆ ತಾಯಿಯ ಹಾಲು ಕುಡಿಯಿತು. ಸದ್ಯಕ್ಕೆ ಎಲ್ಲ ಸರಿ ಇದೆ ಎನ್ನುತ್ತಾರೆ, ಒಂದು ವರ್ಷ ನೋಡುತ್ತಿರಬೇಕಂತೆ. ತಡವಾದದ್ದು ಯಾಕೆ ಎಂದು ತಾಯಿಗೆ ದೊಡ್ಡ ಡಾಕ್ಟರ್ ಹೇಳಿದರು, ನನ್ನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು. ಆಕೆ ನನ್ನ ಮುಖ ನೋಡಲಿಲ್ಲ. ನನಗೆ ಮೂರು ತಿಂಗಳು ಆಪರೇಷನ್ ಥಿಯೇಟರಿಗೆ ಪ್ರವೇಶ ಇಲ್ಲ.

ದೊಡ್ಡ ಸಿಸ್ಟರ್ ಕೂಗಾಡಲೂ ಇಲ್ಲ. ಬೋರ್ಡಿನ ಮುಂದೆ ನಿಲ್ಲಿಸಿ ಪೆನ್ನು ಕೊಟ್ಟರು. "ನೀನೇ ಬರಿ." ಹತ್ತೊಂಬತ್ತು ಎಂದು ಬರೆದೆ. "ಕಾಣೋ ಹಾಗೆ ಬರಿ." ದಪ್ಪಗೆ ಬರೆದೆ.

ಮೆಟ್ಟಿಲ ಹತ್ತಿರ ನಾಲ್ಕು ಸಿಕ್ಕಳು. ಬೈಯುತ್ತಾಳೆ ಎಂದು ಕಾದೆ. "ನಾನು ಕಿಟಕೀಲಿ ಬಟ್ಟೆ ಒಣಹಾಕ್ತಾ ನಿಂತಿದ್ದೆ ಕಣೇ" ಎಂದಳು. "ಗೇಟು ಕಾಣ್ತಿತ್ತು. ಗೇಟಲ್ಲಿ ಯಾರೂ ಇರ್ಲಿಲ್ಲ. ಫೋನ್ ಬಂದಿದ್ರೆ ಆವಾಗ್ಲೇ ಬರ್ತಿದ್ದೆ." ಅಷ್ಟೇ ಹೇಳಿ ಹೋದಳು. ಈಗ ಊಟಕ್ಕೆ ಬೇರೆ ಟೇಬಲ್ಲಿನಲ್ಲಿ ಕೂರುತ್ತಾಳೆ.

ಅಕ್ಕಾ, ನಾಚಿಕೆಗೇಡು ಏನು ಗೊತ್ತಾ? ಇಷ್ಟೆಲ್ಲ ಆದ ಮೇಲೂ, ಬಾಗಿಲ ಹೊರಗೆ ನಿಂತಾಗ, ಒಳಗಿನಿಂದ ಡಾಕ್ಟರ್ ಅವಳಿಗೆ "ಗುಡ್, ವೆರಿ ಗುಡ್" ಎಂದದ್ದು ನನಗೆ ಕೇಳಿಸಿತು. ಆ ಹೊತ್ತಿನಲ್ಲೂ ನನಗೆ ಹೊಟ್ಟೆ ಉರಿಯಿತು. ಇದನ್ನು ಬೇರೆ ಯಾರಿಗೂ ಹೇಳಲಾರೆ.

ಅಮ್ಮನನ್ನು ಕರೆಯುವುದನ್ನು ಬಿಟ್ಟಿದ್ದೇನೆ. ಇಂಥವಳ ಹತ್ತಿರ ಬರುವುದು ಬೇಡ.

ತಂಗಿ

~

ಆಗಸ್ಟ್ 29

ತಂಗಿಗೆ,

ಎರಡು ವಾರ ನಿನ್ನ ಕಾಗದ ನನ್ನ ಗಲ್ಲಾಪೆಟ್ಟಿಗೆಯಲ್ಲಿತ್ತು. ದಿನಾ ಉತ್ತರ ಬರೆಯಲು ಕೂತೆ, ದಿನಾ ಬುದ್ಧಿಮಾತು ಬಂತು, ಹರಿದೆ. ನಿನಗೆ ಬುದ್ಧಿ ಹೇಳುವ ಯೋಗ್ಯತೆ ನನಗಿಲ್ಲ. ಕೇಳು.

ನೀನು ಅಮ್ಮನನ್ನು ಕರೆದ ಸಾಲುಗಳನ್ನು ನಾನು ಅವಳಿಗೆ ಓದಲೇ ಇಲ್ಲ. ಮೊದಲ ಕಾಗದದಲ್ಲೂ ಇಲ್ಲ, ಆಮೇಲಿನದರಲ್ಲೂ ಇಲ್ಲ. ಏನೂ ಹೇಳಲಿಲ್ಲ ಎಂದು ಬರೆದೆನಲ್ಲ, ಅದು ನಿಜವೇ. ಕೇಳಿಸಿಕೊಂಡಿದ್ದರೆ ತಾನೆ ಹೇಳುವುದು. ಯೋಚಿಸುತ್ತಿದ್ದಾಳೆ ಎಂದು ಬರೆದದ್ದು ಮಾತ್ರ ಅಪ್ಪಟ ಸುಳ್ಳು.

ಪೊರೆಯದೂ ಹಾಗೆಯೇ. ಬಲಿಯಬೇಕಾಗಿಲ್ಲ ಎಂದು ನನಗೆ ಗೊತ್ತು, ನನ್ನ ಅಂಗಡಿಗೆ ಬರುವ ಅಜ್ಜಂದಿರಿಗೆ ನಾನೇ ಹೇಳಿ ಕಳಿಸುತ್ತೇನೆ. ಅಮ್ಮನಿಗೆ ಮಾತ್ರ ಎರಡು ವರ್ಷದಿಂದ ಇನ್ನೂ ಬಲಿತಿಲ್ಲ ಎನ್ನುತ್ತಿದ್ದೇನೆ. ಅವಳಿಗೆ ಓದಲು ಬಂದರೆ ನಿನ್ನ ಕಾಗದ ಅವಳೇ ಓದುತ್ತಾಳೆ. ಸಂಜೆ ಅಂಗಡಿಗೆ ಬಂದು ಕೂರುವುದಿಲ್ಲ. ನಿನಗೆ ಆ ಸ್ಕೂಲು ಸಿಕ್ಕಿತು, ಆ ಇಂಗ್ಲಿಷು ಸಿಕ್ಕಿತು, ಬಿಳಿ ಕೋಟು ಸಿಕ್ಕಿತು. ನೆಂಟರು ಬಂದರೆ ಕೇಳುವುದು ನಿನ್ನನ್ನು. "ಚಿಕ್ಕವಳು ಹೇಗಿದ್ದಾಳೆ?" ದೊಡ್ಡವಳು ನಾನು ನೀರು ತಂದುಕೊಡುತ್ತಾ ಎದುರಿಗೇ ನಿಂತಿರುತ್ತೇನೆ. ನನ್ನ ಪಾಲಿಗೆ ಇದ್ದದ್ದು ಅಮ್ಮ. ಅವಳನ್ನೂ ಕೇಳುತ್ತಿದ್ದೀಯ ಎನ್ನಿಸಿತು.

ನಿನ್ನ ಹೋದ ಕಾಗದ ಓದಿದ ಮೇಲೆ ನಾನು ಹಿಡಿದಿಟ್ಟುಕೊಂಡದ್ದು ಎರಡು ಕಣ್ಣು ಎಂದು ಗೊತ್ತಾಯಿತು. ನೀನು ಗಾಬರಿಯಲ್ಲಿ ಎಂಟು ನಿಮಿಷ ತಡ ಮಾಡಿದೆ. ನಾನು ಸಾವಕಾಶವಾಗಿ, ಟೀ ಕುಡಿಯುತ್ತಾ ಎರಡು ವರ್ಷ.

ನಿನ್ನೆ ಅಮ್ಮನಿಗೆ ಎಲ್ಲ ಹೇಳಿದೆ. ನಿನ್ನ ಬೋರ್ಡಿನ ವಿಷಯ ಹೇಳಿಲ್ಲ, ಅದನ್ನು ನೀನೇ ಹೇಳಬೇಕು. ಅವಳು ಕೇಳಿದ್ದು ಒಂದೇ.

"ಎಷ್ಟು ಸಲ ಕರೆದಿದ್ಲು?"

"ಮೂರು ಸಲ."

"ಕಾಗದ ಓದೋವಾಗ ನಿನ್ ದನಿ ಮಧ್ಯದಲ್ಲಿ ಎಡವ್ತಿತ್ತು ಕಣೇ. ಅವ್ಳೇನೋ ನಿನ್ನ ಬೈದು ಬರ್ದಿರ್ಬೇಕು, ಅದನ್ನ ಹಾರಿಸ್ತಿದ್ದೀಯ ಅಂದ್ಕೊಂಡು ಸುಮ್ನಿದ್ದೆ."

ಕೂಗಾಡಿದ್ದರೆ ಚೆನ್ನಾಗಿತ್ತು. ಆಮೇಲೆ ಮೂರೂ ಕಾಗದ ಮೊದಲಿಂದ ಓದಿಸಿಕೊಂಡಳು, ಅಮ್ಮನಿಗೆ ಬೇಡ ಎಂದು ನೀನು ಬರೆದ ಭಾಗ ಬಿಟ್ಟು. ಜ್ವರದ ಸಾಲಿಗೆ ಬಂದಾಗ ಎದ್ದು ಒಳಗೆ ಹೋದಳು. ಹೊರಗೆ ಬಂದಾಗ ಕೈಯಲ್ಲಿ ಸೂಟ್‌ಕೇಸ್ ಇತ್ತು, ಪಟ್ಟಿ ಹರಿದಿದೆ, ಹೊಲಿದುಕೊಡು ಎಂದಳು.

ಆರನೇ ತಾರೀಖು, ಬೆಳಗಿನ ರೈಲು. ಎಡ ಮಗ್ಗುಲಿಗೆ ಮಲಗುತ್ತಾಳೆ, ಮಂಚದ ಆ ಬದಿ ಗೋಡೆಗೆ ಇರಲಿ. ಸ್ನಾನದ ಮನೆಯಲ್ಲಿ ನೆಲ ನುಣ್ಣಗಿದ್ದರೆ ಒರಟು ಮ್ಯಾಟ್ ಹಾಕು. ಬಿಸಿ ಇದೆಯೋ ಇಲ್ಲವೋ ನೋಡಲು ಪಾತ್ರೆ ಮುಟ್ಟುತ್ತಾಳೆ, ಎಷ್ಟು ಹೇಳಿದರೂ ಬಿಡುವುದಿಲ್ಲ. ಮಾತ್ರೆ ಬಣ್ಣದ ಮೇಲೆ ಗುರುತು ಹಿಡಿಯಲಾರಳು, ಡಬ್ಬಿಯ ಮುಚ್ಚಳದ ಆಕಾರದ ಮೇಲೆ ಹಿಡಿಯುತ್ತಾಳೆ, ಡಬ್ಬಿ ಬದಲಿಸಬೇಡ. ನಿನ್ನ ಡ್ಯೂಟಿಯ ದಿನ ಯಾರಾದರೂ ಜೊತೆಗಿರಲೇಬೇಕು.

ಸದ್ಯ ನನಗೆ ನಿನ್ನ ಮೇಲೆ ಪ್ರೀತಿ ಉಕ್ಕುತ್ತಿಲ್ಲ. ಸುಳ್ಳು ಬರೆಯುವುದು ಸಾಕು ಎಂದು ಇದನ್ನೂ ಬರೆದೆ.

ಅಕ್ಕ

~

ಅಕ್ಟೋಬರ್ 12, ಭಾನುವಾರ

ಅಕ್ಕಾ,

ಎರಡನೇ ಕಣ್ಣಿನ ಬ್ಯಾಂಡೇಜೂ ಬಿಚ್ಚಿ ಒಂಬತ್ತು ದಿನವಾಯಿತು. ಎರಡೂ ಚೆನ್ನಾಗಿದೆ. ಎದುರಿನ ಬಾಲ್ಕನಿಯಲ್ಲಿ ಬಟ್ಟೆ ಕ್ಲಿಪ್ ಎಷ್ಟಿವೆ ಎಂದು ಎಣಿಸಿ ನನಗೆ ವರದಿ ಕೊಡುತ್ತಾಳೆ. ನನ್ನ ಕೂದಲು ಉದುರುತ್ತಿರುವುದು ಕಂಡುಹಿಡಿದಿದ್ದಾಳೆ. ನೆಲ ಎಷ್ಟು ಕೊಳಕಾಗಿತ್ತು ಎಂಬುದನ್ನೂ.

ಬೋರ್ಡಿನ ವಿಷಯ ನಾನೇ ಹೇಳಿದೆ. ಮೊದಲಿಂದ ಇನ್ನೊಂದು ಸಲ ಹೇಳಿಸಿಕೊಂಡಳು. ಆಮೇಲೆ "ಆ ಹೆಂಗಸಿನ ಮನೆ ಎಲ್ಲಿ?" ಎಂದು ಕೇಳಿದಳು. ಮೊನ್ನೆ ಇಬ್ಬರೂ ಹೋಗಿದ್ದೆವು. ಆಕೆ ಬಾಗಿಲಲ್ಲೇ ಮಾತಾಡಿಸಿದರು, ಒಳಗೆ ಕರೆಯಲಿಲ್ಲ. ಕರೆಯಬೇಕು ಎಂದು ನಾನೂ ನಿರೀಕ್ಷಿಸಿರಲಿಲ್ಲ. ಮಗು ತೋಳಲ್ಲಿತ್ತು, ದಪ್ಪಗಾಗಿದೆ, ಅಮ್ಮನ ಬೆರಳನ್ನು ಹಿಡಿದುಕೊಂಡಿತು. ನನ್ನದನ್ನು ನಾನು ಚಾಚಲಿಲ್ಲ.

ವಾರ್ಡಿನಲ್ಲಿ ನಾನೀಗ ಹತ್ತೊಂಬತ್ತು. ಥಿಯೇಟರಿಗೆ ಇನ್ನೂ ಮೂರು ವಾರ ಹೋಗುವ ಹಾಗಿಲ್ಲ, ಆಮೇಲೂ ಫೋನ್ ಬರುವುದು ಅಪರೂಪವೇ. ಬೀಗದ ಅಂಗಡಿಯ ಮೇಲಿನ ಹಿಂದಿನ ರೂಮು ಮತ್ತೆ ಖಾಲಿಯಾಗಿದೆ. ಹೋಗಲಿಲ್ಲ. ನಾಲ್ಕು ಈಗಾಗಲೇ ನಲವತ್ತು ಸಿಸೇರಿಯನ್ ದಾಟಿದ್ದಾಳೆ, ನನ್ನದು ಎಂಟಕ್ಕೆ ನಿಂತಿದೆ. ಅವಳ ಸಂಖ್ಯೆಯನ್ನು ನಾನು ಈಗಲೂ ದಿನಾ ಲೆಕ್ಕ ಇಡುತ್ತೇನೆ. ನಮ್ಮ ಟೇಬಲ್ಲಿಗೆ ವಾಪಸ್ ಬಂದಿಲ್ಲ. ಆದರೆ ಆಪರೇಷನ್ನಿನ ದಿನ ನಾನು ಡ್ಯೂಟಿಗೆ ಹೋಗಬೇಕಾದಾಗ ಅಮ್ಮನ ಹತ್ತಿರ ಬಂದು ಕೂತಿದ್ದವಳು ಅವಳೇ. ಕೇಳಲು ಹೋದಾಗ "ನಿನಗೋಸ್ಕರ ಅಲ್ಲ" ಎಂದು ಮೊದಲೇ ಹೇಳಿದಳು. ಅಮ್ಮನಿಗೆ ಅವಳು ತುಂಬಾ ಹಿಡಿಸಿಬಿಟ್ಟಿದ್ದಾಳೆ. ನನ್ನ ಹಣೆಬರಹ ನೋಡು.

ನೀನು ಬರೆ ಎಂದು ಕೇಳಿಲ್ಲ, ನಾನೇ ಬರೆಯುತ್ತೇನೆ: ಬೆಳಿಗ್ಗೆಯಿಂದ ಸಂಜೆಯವರೆಗೆ ನಿನ್ನದೇ ಮಾತು. ಒಲೆ ಹಚ್ಚಿದರೆ ದೊಡ್ಡವಳು ಹೀಗೆ ಹಚ್ಚುವುದಿಲ್ಲ. ಬಟ್ಟೆ ಮಡಿಸಿದರೆ ದೊಡ್ಡವಳ ಮಡಿಕೆ ನೋಡಬೇಕು. ದೂರದ್ದೆಲ್ಲ ಕಾಣುತ್ತದೆ, ಓದಲು ಮಾತ್ರ ಕನ್ನಡಕ ಬೇಕು. ಇಲ್ಲೇ ಮಾಡಿಸೋಣ, ಆಸ್ಪತ್ರೆಯ ಎದುರಿಗೇ ದೊಡ್ಡ ಅಂಗಡಿ ಇದೆ ಎಂದೆ. "ಕನ್ನಡಕ ಇನ್ನೊಬ್ರ ಕೈಲಿ ಮಾಡಿಸ್ಕೊಳ್ಳೋದಾ? ದೊಡ್ಡವಳಿಗೆ ಏನಂತ ಮುಖ ತೋರಿಸ್ಲಿ?" ಎಂದಳು. ನವೆಂಬರ್ ಮಧ್ಯದಲ್ಲಿ ಹೊರಡುತ್ತಾಳಂತೆ. ಒಂದು ವರ್ಷ ಇರು ಎಂದು ನಾನು ಎಷ್ಟು ಗೋಗರೆದೆ ಎಂದು ಬರೆಯುವುದಿಲ್ಲ, ನಿನಗೆ ಖುಷಿಯಾಗುತ್ತದೆ.

ಇನ್ನೊಂದು ಹೇಳಬೇಕು. ಬಂದ ದಿನದಿಂದ ನನ್ನನ್ನು ನಿನ್ನ ಹೆಸರಿನಿಂದಲೇ ಕರೆಯುತ್ತಾಳೆ, ನಾಲ್ಕು ಸಲಕ್ಕೆ ಮೂರು ಸಲ. ಮಂಜು ಕಣ್ಣಿಗೆ ಇಬ್ಬರೂ ಒಂದೇ ಥರ ಕಾಣುತ್ತೇವೆ, ಪೊರೆ ಹೋದರೆ ನಿಲ್ಲುತ್ತದೆ ಎಂದುಕೊಂಡು ಪ್ರತಿ ಸಲ ತಿದ್ದುತ್ತಿದ್ದೆ. "ಅಮ್ಮಾ, ನಾನು, ಚಿಕ್ಕವಳು." ನಿನ್ನೆ ಸಂಜೆ ಡ್ಯೂಟಿ ಮುಗಿಸಿ ಬಂದೆ. ಬಾಗಿಲು ತೆಗೆದು, ಇಷ್ಟು ಹತ್ತಿರದಿಂದ, ಹೊಸ ಕಣ್ಣಿನಲ್ಲಿ ನನ್ನ ಮುಖವನ್ನೇ ನೋಡುತ್ತಾ ನಿನ್ನ ಹೆಸರು ಕರೆದು, "ಬಂದ್ಯಾ, ಕೂತ್ಕೋ, ಸೋತು ಸುಣ್ಣ ಆಗಿದ್ದೀಯ" ಎಂದಳು.

ತಿದ್ದಲಿಲ್ಲ. "ಹೂಂ ಅಮ್ಮ" ಎಂದು ಒಳಗೆ ಹೋಗಿ ಕೂತೆ. ಟೀ ತಂದುಕೊಟ್ಟಳು, ನಿನಗೆ ಹೇಗೆ ಬೇಕೋ ಹಾಗೆ, ಸಕ್ಕರೆ ಇಲ್ಲದೆ. ಪೂರ್ತಿ ಕುಡಿದೆ.

ತಂಗಿ